ಸಸ್ಪೆನ್ಸ್ ಹೋಗತ್ತೆ ಅನ್ನೋ ನೆಪ

ಹೋದ ಮಳೆಗಾಲ ಒಂದು ಫ್ಯಾನ್ ಫಿಕ್ಷನ್ (ಬೇರೆಯವ್ರ ಕಥೆಯ ಪಾತ್ರ ಇಟ್ಕೊಂಡು ಅಭಿಮಾನಿಗಳು ಬರೆಯೋ ಕಥೆ) ಬರ್ದಿದ್ದೆ, ಅದ್ರಲ್ಲಿ ಹೀರೋನ ತಮ್ಮ ಹೊಳೆಲಿ ಮುಳುಗಿ ಸಾಯ್ತಾನೆ, ಕಥೆ ಮೇಲ್ಗಡೆ ಎಚ್ಚರಿಕೆ ಏನೂ ಹಾಕಿರ್ಲಿಲ್ಲ, ಸಸ್ಪೆನ್ಸ್ ಹಾಳಾಗತ್ತಲ್ಲ ಅಂತ. ನನ್ನ ಫ್ರೆಂಡ್ ಅದನ್ನ ಕುಮಟೆಯಿಂದ ಶಿರಸಿಗೆ ಬರೋ ಬಸ್ಸಲ್ಲಿ ಓದಿದ್ಲು, ದೇವಿಮನೆ ಘಾಟಿ ಹತ್ತೋವಾಗ. ಅವಳ ಅಣ್ಣ ಹೋಗಿದ್ದೂ ಹೊಳೆಲೇ. ಬಸ್ ಸ್ಟ್ಯಾಂಡಲ್ಲಿ ಇಳಿದವಳು ಅಳ್ಲಿಲ್ಲ, ಛತ್ರಿ ಬಿಚ್ಚೋದೂ ಮರ್ತು ಮಳೆಲಿ ನಿಂತಿದ್ಲು, "ಒಂದು ಮಾತು ಹೇಳೂಕೆ ಆಗ್ತಿರ್ಲಿಲ್ವಾ ಮಾರಾಯ್ತಿ" ಅಂದ್ಲು, ಅಷ್ಟೇ.

ನಮ್ಮ ಯಕ್ಷಗಾನದ ಆಟದಲ್ಲಿ ನೋಡಿ, ಕೀಚಕವಧೆ ಅಂತ ಪ್ರಸಂಗದ ಹೆಸ್ರಲ್ಲೇ ಸಾವಿದೆ, ಆದ್ರೂ ಜನ ಕಂಬಳಿ ಹೊದ್ಕೊಂಡು ಕೂತು ನೋಡ್ತಾರೆ. ಇನ್ನೆಲ್ಲಿ ಸಸ್ಪೆನ್ಸು!

ಫ್ಯಾನ್ ಫಿಕ್ಷನ್ ಹಾಕೋ ಎಓ3 ಅನ್ನೋ ವೆಬ್‌ಸೈಟಲ್ಲಿ ಭೀಕರ ಹಿಂಸೆ, ಮುಖ್ಯ ಪಾತ್ರದ ಸಾವು, ಅತ್ಯಾಚಾರ, ಅಪ್ರಾಪ್ತರ ಲೈಂಗಿಕತೆ ಅಂತ 4 ವಾರ್ನಿಂಗ್ ಇದೆ, ಹಾಕೋಕೆ ಇಷ್ಟ ಇಲ್ದಿದ್ರೆ 'ವಾರ್ನಿಂಗ್ ಹಾಕಲ್ಲ' ಅಂತಾನೂ ಹೇಳ್ಬಹುದು, ಅದೂ ನ್ಯಾಯವೇ, ಓದೋರು ಗೊತ್ತಿದ್ದೇ ಒಳಗೆ ಬರ್ತಾರೆ. ಆದ್ರೆ ನನ್ನ ಕಥೆಲಿ ಸತ್ತಿದ್ದು ಸೈಡ್ ಪಾತ್ರ, ಆ 4ರಲ್ಲಿ ಯಾವ್ದಕ್ಕೂ ಸೇರಲ್ಲ. ಹಾಗಂತ ಎಲ್ಲದಕ್ಕೂ ವಾರ್ನಿಂಗ್ ಟ್ಯಾಗ್ ಕೇಳಿದ್ರೆ ನನ್ನ ಕೈಲಾಗಲ್ಲ ಬಿಡಿ.

ನಿನ್ನೆ ರಾತ್ರಿ ಮೇಲ್ಗಡೆ 'ನೀರಲ್ಲಿ ಸಾವು ಇದೆ' ಅಂತ ಸೇರಿಸ್ದೆ. ಅವಳಿಗಿನ್ನೂ ಹೇಳಿಲ್ಲ.