ಮೊಸರಿನ ಡಬ್ಬಿಯಲ್ಲಿ ಬದನೆ ಸಸಿ

ಊರಲ್ಲಿ ಬದನೆ ಬೇಕೆಂದರೆ ಹಿತ್ತಲಲ್ಲಿ ಒಟ್ಲು (ಸಸಿಮಡಿ) ಮಾಡಿ ಬೀಜ ಚೆಲ್ಲಿದರಾಯಿತು. ಶಿಕಾಗೋ ಕಡೆ ಹಾಗಲ್ಲ. ಮೇ ಮಧ್ಯದವರೆಗೂ ರಾತ್ರಿ ಮಂಜು ಹೆಪ್ಪುಗಟ್ಟುವ ಭಯ, ಅಕ್ಟೋಬರಿನಲ್ಲಿ ಮತ್ತೆ ಅದೇ. ಆದ್ದರಿಂದ ಮಾರ್ಚ್ ಮಧ್ಯದಲ್ಲೇ ಬದನೆ ಬೀಜವನ್ನು ಮನೆಯೊಳಗೆ ಹಾಕಬೇಕು. ಮೆಣಸಿನಕಾಯಿ ಮೊಳೆಯುವುದು ನಿಧಾನ, ಅದಕ್ಕೆ ಒಂದು ವಾರ ಮುಂಚೆ. ಟೊಮೆಟೊ ಏಪ್ರಿಲ್ ಮೊದಲ ವಾರ ಸಾಕು. (ಉಡುಪಿ ಕಡೆಯ ಬದನೆ ಮಟ್ಟುಗುಳ್ಳದ ಬೀಜ ಕಳಿಸಲೇ ಎಂದು ಕೇಳುವವರು ಗಮನಿಸಿ: ಸಸ್ಯ ಆರೋಗ್ಯ ಪ್ರಮಾಣಪತ್ರವೋ ಮೊದಲೇ ಪಡೆದ ಪರವಾನಗಿಯೋ ಇಲ್ಲದೆ ಬಿತ್ತನೆ ಬೀಜ ಅಮೆರಿಕಕ್ಕೆ ತರುವಂತಿಲ್ಲ.)

ಬೀಜ ಮೊಳೆಯಿಸಲು ಸ್ಟ್ರಾಬೆರಿ ಬರುವ ಪ್ಲಾಸ್ಟಿಕ್ ಡಬ್ಬಿಯೇ ಸರಿ. ತಳದಲ್ಲಿ ತೂತು ಆಗಲೇ ಇರುತ್ತದೆ, ಮುಚ್ಚಳ ತೇವ ಹಿಡಿದಿಡುತ್ತದೆ. ಒಳಗೆ ಒಂದು ಪದರ ಪೇಪರ್ ಹಾಸಿದರೆ ಮಣ್ಣು ಸೋರುವುದಿಲ್ಲ. ಮೊಟ್ಟೆಯ ಟ್ರೇ ಮಾತ್ರ ನಂಬಬೇಡಿ. ಗುಳಿಯಲ್ಲಿ ಮಣ್ಣು ಹೆಚ್ಚು ಹಿಡಿಯದು, ರಟ್ಟು ತಾನೇ ನೀರು ಹೀರುತ್ತದೆ, ಹೀಟರ್ ಗಾಳಿಗೆ ಬೇಗ ಒಣಗಿಬಿಡುತ್ತದೆ.

ತೋಟದ ಮಣ್ಣು ಬೇಡ, ಅದರಲ್ಲಿ ರೋಗದ ಶಿಲೀಂಧ್ರ ಇರುತ್ತದೆ. 650 ಗ್ರಾಂ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆಗೆ ಮೂರು ಲೀಟರ್ ಬಿಸಿನೀರು ಹಾಕಿ, ಉಬ್ಬಿದ ಮೇಲೆ ಕಾಲು ಭಾಗ ಪರ್ಲೈಟ್ (ಹಗುರವಾದ ಬಿಳಿ ಹರಳು) ಬೆರೆಸಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬಂದರೆ ಹದ, ಧಾರೆ ಬಂದರೆ ನೀರು ಹೆಚ್ಚು. ಬೀಜ ಅರ್ಧ ಸೆಂಟಿಮೀಟರ್ ಆಳದಲ್ಲಿರಲಿ. ಬದನೆ, ಮೆಣಸಿಗೆ 27 ಡಿಗ್ರಿ ಬೆಚ್ಚಗೆ ಬೇಕು. ಚಳಿಗಾಲದ ಮನೆಯ 20 ಡಿಗ್ರಿಯಲ್ಲಿ ಮೊಳೆಯಲು ವಾರಗಟ್ಟಲೆ ಹಿಡಿಯುತ್ತದೆ. ಡಬ್ಬಿಯಡಿ ಹೀಟ್ ಮ್ಯಾಟ್ (ಕರೆಂಟಿನಿಂದ ಬೆಚ್ಚಗಾಗುವ ಹಾಸು) ಇಡಿ.

ಮೊದಲ ಮೊಳಕೆ ಕಂಡ ದಿನವೇ ಮುಚ್ಚಳ ತೆಗೆಯಿರಿ. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ. ಸಂಜೆ ನೆಟ್ಟಗಿದ್ದ ಸಸಿ ಬೆಳಿಗ್ಗೆ ಮಲಗಿರುತ್ತದೆ. ಹತ್ತಿರದಿಂದ ನೋಡಿದರೆ ಎಲೆ ಹಸಿರೇ, ಮಣ್ಣಿನ ಮಟ್ಟದಲ್ಲಿ ಕಾಂಡ ಮಾತ್ರ ಕಂದಾಗಿ ದಾರದಷ್ಟು ಸಣ್ಣಗಾಗಿರುತ್ತದೆ. ಅದು ಸಸಿ ಕೊಳೆ ರೋಗ. ಮೇಲ್ಮಣ್ಣು ಸದಾ ಒದ್ದೆ, ಗಾಳಿ ಆಡದು ಅಂದರೆ ಬರುತ್ತದೆ, ಬಂದ ಸಸಿ ಉಳಿಯುವುದಿಲ್ಲ. ಡಬ್ಬಿಯನ್ನು ತಟ್ಟೆಯಲ್ಲಿಟ್ಟು ತಳದಿಂದ ನೀರು ಕುಡಿಸಿ, ಇಪ್ಪತ್ತು ನಿಮಿಷಕ್ಕೆ ಉಳಿದ ನೀರು ಚೆಲ್ಲಿ. ಸಣ್ಣ ಫ್ಯಾನ್ ಮೆಲ್ಲಗೆ ಓಡುತ್ತಿರಲಿ.

ಕಿಟಕಿಯ ಬಿಸಿಲು ಸಾಲದು, ಸಸಿ ಬೆಳಕಿಗಾಗಿ ಎಳೆದು ಸಣಕಲಾಗುತ್ತದೆ. ಎಲೆಯಿಂದ 5-7 ಸೆಂಟಿಮೀಟರ್ ಮೇಲೆ ಎಲ್‌ಇಡಿ ಟ್ಯೂಬ್, ದಿನಕ್ಕೆ 14-16 ಗಂಟೆ.

ಮೊದಲ ಬೀಜದೆಲೆಗಳ ನಂತರ ಎರಡು ನಿಜವಾದ ಎಲೆ ಬಂದಾಗ ಮೊಸರಿನ ಡಬ್ಬಿಗೆ ಸ್ಥಳಾಂತರ. ನಮ್ಮವರ ಮನೆಯಲ್ಲಿ 32 ಔನ್ಸಿನ ಖಾಲಿ ಡಬ್ಬಿಗೆ ಬರವಿಲ್ಲ. ತಳಕ್ಕೆ ಕಾಯಿಸಿದ ಮೊಳೆಯಿಂದ ಐದಾರು ತೂತು ಮಾಡಿ. ಸಸಿಯನ್ನು ಎಲೆ ಹಿಡಿದೇ ಎತ್ತಿ, ಕಾಂಡ ಹಿಡಿದರೆ ಜಜ್ಜಿಹೋಗುತ್ತದೆ. ಕೋಕೋಪೀಟಿನಲ್ಲಿ ಸತ್ವವಿಲ್ಲ, ಹಾಗಾಗಿ ವಾರಕ್ಕೊಮ್ಮೆ ಅರ್ಧ ಪ್ರಮಾಣದ ದ್ರವ ಗೊಬ್ಬರ ಕೊಡಿ.

ರಾತ್ರಿ 13 ಡಿಗ್ರಿಗಿಂತ ಇಳಿಯದ ಮೇಲೆ, ಅಂದರೆ ಮೇ ಕೊನೆಗೆ, ನೆಲಕ್ಕೆ ನಾಟಿ. ಅದಕ್ಕೆ ಹತ್ತು ದಿನ ಮುಂಚಿನಿಂದ ಹಗಲಲ್ಲಿ ನೆರಳಿಗೆ ಒಂದು ಗಂಟೆ ಇಟ್ಟು ಶುರುಮಾಡಿ, ದಿನಕ್ಕೊಂದು ಗಂಟೆ ಹೆಚ್ಚಿಸುತ್ತಾ ಬಿಸಿಲಿಗೆ ತನ್ನಿ. ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಬೆಳ್ಳಗೆ ಸುಟ್ಟು ಕಾಗದದಂತಾಗುತ್ತದೆ.