ಕೋಡಿಯ ಆಚೆಗೆ ನಾನು ನಡೆದಿರಲಿಲ್ಲ

2021ರ ನವೆಂಬರ್, ಮೂರನೆಯ ವಾರ. ಹಿಂಗಾರು ಬಿಡದೆ ಸುರಿಯುತ್ತಿತ್ತು. ರಾತ್ರಿ ಹತ್ತೂವರೆಗೆ, ಕೆರೆಯ ನೀರು ನೋಡಿಕೊಳ್ಳುವ ನೀರುಗಂಟಿ ಫೋನ್ ಮಾಡಿದರು: “ಸಾರ್, ಕೆರೆ ಕೋಡಿ ಬಿದ್ದಿದೆ. ಆದರೆ ನೀರು ಸಾಗುತ್ತಿಲ್ಲ.”

ಮೊದಲ ಮಾತಿಗೇ ನಾನು ಹಿಗ್ಗಿಬಿಟ್ಟೆ. ಕೋಡಿ ಬಿತ್ತೆಂದರೆ ಕೆರೆ ತುಂಬಿ, ಹೆಚ್ಚುವರಿ ನೀರು ಕೋಡಿ ಕಟ್ಟೆ ದಾಟಿ ಹೊರಡುತ್ತದೆ ಎಂದರ್ಥ. ನದಿಯಿಲ್ಲದ ಸೀಮೆ ನಮ್ಮದು. ಹದಿನಾರು ವರ್ಷಗಳಿಂದ ತುಂಬದಿದ್ದ ಕೆರೆ ಅದು. ಎರಡನೆಯ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. “ಒಳ್ಳೆಯದಾಯಿತು, ಬೆಳಿಗ್ಗೆ ಬರುತ್ತೇನೆ” ಎಂದು ಮಲಗಿದೆ. ಒಂದು ಗಂಟೆಗೆ ಮತ್ತೆ ಫೋನ್. ಈ ಬಾರಿ ನೀರು ತಡೆದು ನಿಲ್ಲಿಸುವ ಮಣ್ಣಿನ ಒಡ್ಡಿನ ಬಗ್ಗೆ ಅವರು ಹೇಳಿದ್ದು ಒಂದೇ ವಾಕ್ಯ: “ಏರಿಯ ಬುಡ ಜಿನುಗುತ್ತಿದೆ.”

ಕಳೆದುಕೊಂಡ ಆ ಎರಡೂವರೆ ಗಂಟೆ ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಸಣ್ಣ ನೀರಾವರಿ ಇಲಾಖೆಯ ಇಂಜಿನಿಯರ್ ಆಗಿ ಹಿಂದಿನ ಬೇಸಿಗೆಯಲ್ಲಿ ಆ ಕೆರೆಯ ದುರಸ್ತಿಯ ಅಂದಾಜು ಪಟ್ಟಿ ಮಾಡಿದವನು ನಾನೇ. ರಿವೆಟ್‌ಮೆಂಟ್ (ಏರಿಯ ಒಳಮೈಗೆ ಕಲ್ಲು ಹೊದಿಕೆ), ಜಂಗಲ್ ಕಟಿಂಗ್, ಹೊಲಗಳಿಗೆ ನೀರು ಬಿಡುವ ತೂಬಿಗೆ ಹೊಸ ಗೇಟು, ಕೋಡಿ ಕಟ್ಟೆಗೆ ಪ್ಲಾಸ್ಟರ್, ರೈಲಿಂಗ್, ನಾಮಫಲಕ. ಏರಿಯ ಉದ್ದಕ್ಕೂ ಎರಡು ಬಾರಿ ನಡೆದು ಲೆವೆಲ್ ಹಿಡಿದಿದ್ದೆ. ಕೋಡಿ ಕಟ್ಟೆಯ ಮೇಲೆ ನಿಂತು ಫೋಟೊ ತೆಗೆದು ಆ್ಯಪ್‌ಗೆ ಏರಿಸಿದ್ದೆ. ಕಟ್ಟೆಯಿಂದ ಕೆಳಗಿಳಿದು ಹಳ್ಳ ಎಲ್ಲಿಗೆ ಹೋಗುತ್ತದೆಂದು ನೋಡಲಿಲ್ಲ. ಅಲ್ಲಿ ರಾಗಿ ಹೊಲವಿತ್ತು, ಬೇಲಿಯಿತ್ತು. “ಹಳ್ಳ ಕಂದಾಯದವರಿಗೆ ಸೇರಿದ್ದು, ಅದಕ್ಕೆ ಕೈ ಹಾಕಿದರೆ ಮಾರ್ಚ್ ಒಳಗೆ ಬಿಲ್ ಆಗುವುದಿಲ್ಲ” ಎಂದು ಮೇಲಿನವರು ಹೇಳಿದರು. ನಾನು ಒಪ್ಪಿದೆ. ಯಾರೂ ನನ್ನ ಕೈ ಹಿಡಿದು ಬರೆಸಿದ್ದಲ್ಲ.

ಸ್ಥಳಕ್ಕೆ ತಲುಪಿದಾಗ ಎರಡು ಗಂಟೆ ಹತ್ತು ನಿಮಿಷ. ಟಾರ್ಚ್ ಹಾಕಿ ನೋಡಿದೆ. ಕೋಡಿ ಕಟ್ಟೆ ಕಾಣಲೇ ಇಲ್ಲ. ಅದರ ಮೇಲೆ ಎರಡೂವರೆ ಅಡಿ ನೀರು ನಿಂತಿತ್ತು. ಹರಿಯುತ್ತಿರಲಿಲ್ಲ, ನಿಂತಿತ್ತು. ಕಟ್ಟೆಯ ಈಚೆಗೂ ಆಚೆಗೂ ನೀರು ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿತ್ತು. ಏರಿಯ ನೆತ್ತಿಗೆ ಎರಡು ಅಡಿಯಷ್ಟೇ ಬಾಕಿ. ಹೊಸ ಗೇಟು ಎತ್ತಲು ಹೋದರೆ ಸ್ಪಿಂಡಲ್ ಅರ್ಧ ತಿರುಗಿ ಬಿಗಿದುಕೊಂಡಿತು.

ನೀರುಗಂಟಿ ನನ್ನನ್ನು ಏರಿಯ ಹಿಂಬದಿಗೆ ಇಳಿಸಿಕೊಂಡು ಹೋದರು. ಬುಡದಲ್ಲಿ, ತಂಗಡಿ ಗಿಡದ ಪಕ್ಕ, ಮಡಕೆಯ ಬಾಯಿಯಷ್ಟು ಅಗಲದ ಒಂದು ಬುಗ್ಗೆ ಕುದಿಯುವ ಅಂಬಲಿಯ ಹಾಗೆ ಏಳುತ್ತಿತ್ತು. ಅದರ ಸುತ್ತ ಸಣ್ಣ ಮರಳಿನ ಉಂಗುರ ಕಟ್ಟಿತ್ತು. ಅವರು ಬೊಗಸೆಯಲ್ಲಿ ನೀರು ಹಿಡಿದು ಟಾರ್ಚ್ ಬೆಳಕಿಗೆ ಒಡ್ಡಿದರು. ಕೆಂಪಗಿತ್ತು. “ತಿಳಿ ನೀರಾದರೆ ಕೆರೆ ಬೆವರುತ್ತಿದೆ ಎಂದರ್ಥ, ಹೆದರಬೇಕಿಲ್ಲ. ಇದು ಏರಿಯ ಮಣ್ಣನ್ನೇ ಹೊತ್ತು ತರುತ್ತಿದೆ” ಎಂದರು.

ನಾನು ಮಾಡಹೊರಟ ಎರಡನೆಯ ತಪ್ಪು ಇಲ್ಲಿ. “ಮಣ್ಣಿನ ಚೀಲ ತನ್ನಿ, ಬಾಯಿ ಮುಚ್ಚಿ” ಎಂದು ಕೂಗಿದೆ. ಊರಿನ ಹುಡುಗರು ಚೀಲ ಹೊತ್ತು ತಂದೇ ಬಿಟ್ಟಿದ್ದರು. ನೀರುಗಂಟಿ ಅಡ್ಡ ನಿಂತರು. “ಬಾಯಿ ಕಟ್ಟಿದರೆ ಇನ್ನೊಂದು ಕಡೆ ಒಡೆದುಕೊಂಡು ಬರುತ್ತದೆ ಸಾರ್. ನೀರು ಹೋಗಲಿ, ಮಣ್ಣು ನಿಲ್ಲಲಿ.” ಇನ್ವರ್ಟೆಡ್ ಫಿಲ್ಟರ್ ಎಂದು ಕಾಲೇಜಿನಲ್ಲಿ ನಾನು ಚಿತ್ರ ಬರೆದು ಅಂಕ ಗಳಿಸಿದ್ದು ಇದೇ ಸಂಗತಿಗೆ. ಗಾಬರಿಯಲ್ಲಿ ಅದು ನೆನಪಿಗೆ ಬರಲಿಲ್ಲ. ಅವರಿಗೆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಮೊದಲು ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು. ಯಾರದೋ ಮನೆ ಕಟ್ಟಲು ರಾಶಿ ಹಾಕಿದ್ದ ಮರಳನ್ನು ಬಾಂಡ್ಲಿಗಳಲ್ಲಿ ಹೊತ್ತು ತಂದೆವು. ಹೆಂಗಸರೂ ಬಂದರು. ಮಳೆ ಮಾತ್ರ ನಿಲ್ಲಲಿಲ್ಲ.

ಅಷ್ಟರಲ್ಲಿ ಜೆಸಿಬಿ ಬಂತು. ಕೋಡಿ ಹಳ್ಳದ ಗುಂಟ ಇಳಿದಾಗಲೇ ನಿಜ ಕಂಡದ್ದು. ಕಟ್ಟೆಯಿಂದ ನೂರೈವತ್ತು ಮೀಟರ್ ಕೆಳಗೆ ಗಾಡಿದಾರಿಗೆಂದು ಹಳ್ಳಕ್ಕೆ ಅಡ್ಡಲಾಗಿ ಮಣ್ಣು ಪೇರಿಸಿ, ಎರಡು ಅಡಿ ವ್ಯಾಸದ ಒಂದೇ ಒಂದು ಹ್ಯೂಮ್ ಪೈಪ್ (ಕಾಂಕ್ರೀಟ್ ಕೊಳವೆ) ಹೂತಿದ್ದರು. ಇಡೀ ಕೆರೆಯ ಹೆಚ್ಚುವರಿ ನೀರು ಆ ಪೈಪಿನಲ್ಲಿ ಹೋಗಬೇಕು. ಪೈಪಿನ ಬಾಯಿಗೆ ಜಾಲಿ ಮುಳ್ಳಿನ ಕಂತೆ ಸಿಕ್ಕಿಕೊಂಡಿತ್ತು.

ದಾರಿ ಕಿತ್ತರೆ ಪಕ್ಕದ ರಾಗಿ ಹೊಲ ಹೋಗುತ್ತದೆ. ತೆನೆ ಬಲಿತು ಕೊಯ್ಲಿಗೆ ನಿಂತಿತ್ತು. ಹೊಲದವರು ಅಲ್ಲೇ ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತಿದ್ದರು. ನಾನು ಏನು ಹೇಳಬೇಕೆಂದು ತಿಳಿಯದೆ ನಿಂತೆ. ಅವರೇ ಹೇಳಿದರು, “ಕಿತ್ತುಹಾಕಿ.” ಕೆಳಗಿನ ಕೆರೆಯ ಊರಿಗೆ ಮೊದಲು ಫೋನ್ ಮಾಡಿಸಿ, ಹಳ್ಳದಂಚಿನ ಮನೆಗಳವರನ್ನು ಎಬ್ಬಿಸಿ, ಆಮೇಲೆ ಜೆಸಿಬಿಗೆ ಕೈ ತೋರಿಸಿದೆ. ನೀರನ್ನು ಒಮ್ಮೆಲೇ ಇಳಿಸುವಂತಿಲ್ಲ, ಏರಿಯ ಒಳಮೈ ಜಾರುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಬಿಡಿಸಿದೆವು. ಐದೂಮುಕ್ಕಾಲಿಗೆ ಕೋಡಿಯ ಸದ್ದು ಕೇಳಿತು. ಬೆಳಗಾಗುವ ಹೊತ್ತಿಗೆ ಬುಗ್ಗೆಯ ನೀರು ತಿಳಿಯಾಗಿತ್ತು.

ಆ ಮೇಲೆ ವರದಿ, ವಿವರಣೆ, ಮತ್ತೆ ವರದಿ. ಅಚ್ಚುಕಟ್ಟು, ಅಂದರೆ ನೀರುಣ್ಣುವ ಜಮೀನು, 40 ಹೆಕ್ಟೇರಿಗಿಂತ ಹೆಚ್ಚಿದ್ದ ಕೆರೆ ನಮ್ಮ ಪಾಲಿಗೆ, ಕಡಿಮೆಯಿದ್ದದ್ದು ಪಂಚಾಯಿತಿ ಪಾಲಿಗೆ. ಒಂದೇ ಸರಣಿಯ ಮೇಲಿನ ಕೆರೆ ಒಬ್ಬರದು, ಕೆಳಗಿನದು ಇನ್ನೊಬ್ಬರದು. ಏರಿಯ ಮೇಲಿನ ಮರ ಅರಣ್ಯದವರಿಗೆ, ಮೀನು ಮೀನುಗಾರಿಕೆಯವರಿಗೆ, ಅಳತೆ ಭೂಮಾಪಕರಿಗೆ, ತೆರವು ತಹಶೀಲ್ದಾರರಿಗೆ. ಕೋಡಿ ಹಳ್ಳ ಕಟ್ಟಿಕೊಂಡಿದೆ ಎಂದು ನೋಡುವುದು ಯಾರ ಕೆಲಸ ಎಂದು ಕೇಳಿದರೆ ಪ್ರತಿಯೊಂದು ಮೇಜೂ ಪಕ್ಕದ ಮೇಜನ್ನು ತೋರಿಸುತ್ತದೆ. ಈ ಗೋಜಲು ಬಿಡಿಸಲು ಬೇಕಾದ ಮಾತು ಕಾನೂನಿನಲ್ಲಿ ಇದೆ. 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯ ಪ್ರಕಾರ ನೀರಿದ್ದರೂ ಇಲ್ಲದಿದ್ದರೂ ಕೆರೆ ಕೆರೆಯೇ. ಒಳಬರುವ ರಾಜಕಾಲುವೆ, ತೂಬು, ಕೋಡಿ, ಹೊರಹೋಗುವ ಕಾಲುವೆ ಎಲ್ಲವೂ ಅದರೊಳಗೆ ಸೇರಿವೆ. ನಾನು ಆ ವ್ಯಾಖ್ಯೆಯನ್ನು ಗಮನವಿಟ್ಟು ಓದಿದ್ದು ಆ ರಾತ್ರಿಯ ನಂತರ. ಮೊದಲೇ ಓದಿದ್ದರೆ ಮೇಲಿನವರಿಗೆ ಕೊಡಲು ಉತ್ತರವಿರುತ್ತಿತ್ತು.

ಈಗ ಅಂದಾಜು ಪಟ್ಟಿ ಮಾಡುವಾಗ ನಾನು ಮೊದಲು ಹೋಗುವುದು ಕೋಡಿಯ ಕೆಳಕ್ಕೆ, ಮುಂದಿನ ಕೆರೆಯ ನೀರು ಕಾಣುವವರೆಗೆ. ಬೂಟು ಕೆಸರಾಗುತ್ತದೆ, ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ, ಅರ್ಧ ದಿನ ಬೇಕು. ಆ್ಯಪ್ ಇವತ್ತಿಗೂ ಏರಿಯ ಫೋಟೊವನ್ನಷ್ಟೇ ಕೇಳುತ್ತದೆ. ಹಳ್ಳದ ಫೋಟೊ ಹಾಕಲು ಅದರಲ್ಲಿ ಜಾಗವೇ ಇಲ್ಲ. ಹಾಗಾಗಿ ಎಂಬಿಯ (ಅಳತೆ ಪುಸ್ತಕ) ಜೊತೆಗೆ ಅಚ್ಚು ಹಾಕಿಸಿ ಲಗತ್ತಿಸುತ್ತೇನೆ. ರಾತ್ರಿ ನೀರುಗಂಟಿಯ ಫೋನ್ ಬಂದರೆ ವಾಕ್ಯ ಮುಗಿಯುವವರೆಗೆ ಬಾಯಿ ತೆರೆಯುವುದಿಲ್ಲ.

ಗ್ರಾಮ ನಕಾಶೆಯಲ್ಲಿ ಆ ಹಳ್ಳದ ಅಗಲ ಒಂದು ಸರಪಳಿ, ಅಂದರೆ 33 ಅಡಿ. ಸ್ಥಳದಲ್ಲಿ ನಾವು ಟೇಪ್ ಹಿಡಿದಾಗ ಸಿಕ್ಕಿದ್ದು ಹನ್ನೊಂದು ಅಡಿ. ಎರಡೂ ಬದಿಗೆ ಗಡಿ ಗುರುತಿನ ಬಾಂದು ಕಲ್ಲು ನೆಡಬೇಕೆಂದು ಪತ್ರ ಬರೆದು ಮೂರು ಬಾರಿ ನೆನಪೋಲೆ ಕಳಿಸಿದ್ದೇನೆ. ರಾಗಿ ಕಳೆದುಕೊಂಡವರು ಸಿಕ್ಕಾಗಲೆಲ್ಲ ಕೇಳುವುದು ತಮ್ಮ ಪರಿಹಾರವನ್ನಲ್ಲ, ಆ ಕಲ್ಲುಗಳನ್ನು. ಕಲ್ಲು ಇನ್ನೂ ಬಂದಿಲ್ಲ.