ಮಾರುವ ಮನೆಗೆ ಹೊಸ ಕಿಟಕಿ

ಸರಸ್ವತಿಪುರಂನ ನಮ್ಮ ಮನೆಯನ್ನು ಮಾರುವ ಮೊದಲು, ಹಲವು ವರ್ಷಗಳ ಮಳೆಯ ಎರಚಲಿಗೆ ನೆನೆದು, ಬೆರಳಿಟ್ಟರೆ ಪುಡಿಯಾಗುವಷ್ಟು ಗೆದ್ದಲು ಹಿಡಿದ ಹಿತ್ತಲಿನ ಎರಡು ಕಾಡುಮರದ ಕಿಟಕಿಗಳನ್ನು ಬದಲಿಸಬೇಕಾಯಿತು. ಬಣ್ಣ ಬಳಿದು ಮುಚ್ಚಿಬಿಡಿ ಎಂದು ಹೇಳಿದವರೂ ಇದ್ದರು. ಕೊಳ್ಳುವವರಿಗೆ ಹಾಗೆ ಮೋಸ ಮಾಡಲು ನನ್ನ ಮನಸ್ಸು ಒಪ್ಪಲಿಲ್ಲ.

ಅಲ್ಯೂಮಿನಿಯಂ ಹಗುರ, ಗಟ್ಟಿ, ಆದರೆ ಬಿಸಿಲಿನ ಕಾವನ್ನು ಬಹುಬೇಗ ಒಳಗೆ ದಾಟಿಸುತ್ತದೆ. ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ ಮಳೆಗಾಲದಲ್ಲಿ ಮರದಂತೆ ಉಬ್ಬುವುದಿಲ್ಲ, ಗೆದ್ದಲಿಗೆ ಆಹಾರವೂ ಅಲ್ಲ. ಆದ್ದರಿಂದ, ಅದರ ಟೊಳ್ಳು ಚೌಕಟ್ಟಿನೊಳಗೆ ಬಿಗಿತಕ್ಕಾಗಿ ಉಕ್ಕಿನ ಪಟ್ಟಿ ಇದೆಯೆಂದು ಕಣ್ಣಾರೆ ನೋಡಿಕೊಂಡ ಮೇಲೆ, ಅದನ್ನೇ ಆರಿಸಿದೆ.

ಬೀದಿಗೆ ಮುಖಮಾಡಿದ ತೇಗದ ಕಿಟಕಿಯನ್ನು ಮಾತ್ರ ಬದಲಿಸಲಿಲ್ಲ. ಅದನ್ನು ಉಜ್ಜಿಸಿ ಎಣ್ಣೆ ಹಚ್ಚಿಸಿದಾಗ, ಅಮ್ಮ ಮಲ್ಲಿಗೆ ಬಳ್ಳಿಯನ್ನು ಹಬ್ಬಿಸಲು ಕಟ್ಟಿದ್ದ ದಾರದ ಸಣ್ಣ ಗೀರು ಮರದ ಅಂಚಿನಲ್ಲಿ ಮತ್ತೆ ಕಾಣಿಸಿತು.